ಕನಿಶಾಯ್ ಕಟಿಂಗ್

ಫೆಬ್ರವರಿ 4, ಬೆಳಿಗ್ಗೆ

ಊಟದ ಮೇಜಿನ ಮೇಲೆ ಮತ್ತೆ ಕಾಗದ ಹಾಸಿದೆ. ಅತ್ತೆಯ ಚಹಾ ಬಟ್ಟಲು ಮೂಲೆಗೆ ಸರಿಯಿತು. ಗೊಣಗಿದರು. ಗೊಣಗಲಿ. ಇಡೀ ನರಿನ್ ಊರಲ್ಲಿ ನನ್ನಷ್ಟು ಸೊಗಸಾಗಿ ಕೆಮ್ಸೆಲ್ ಜಾಕೀಟು ಕತ್ತರಿಸುವ ಸೊಸೆ ಇನ್ನೊಬ್ಬಳಿದ್ದರೆ ಕರೆದು ತೋರಿಸಲಿ.

ಮೆದೆರ್ ನಿನ್ನೆ ಬಿಷ್ಕೆಕ್‌ನಿಂದ ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ನನ್ನ ಪ್ಯಾಟರ್ನ್‌ಗೆಂದು ಕಂದು ಕಾಗದದ ಸುರುಳಿ ಮಲಗಿಸಿಕೊಂಡು ಬಂದಿದ್ದಾನೆ. ಒಬ್ಬ ಪ್ರಯಾಣಿಕನ ಜಾಗ ಹೋಯಿತಂತೆ. ಗಂಡ ಅಂದರೆ ಹೀಗಿರಬೇಕು.

ಅತ್ತೆಯದು ಅದೇ ಹಾಡು.

"ಕೈಯಲ್ಲಿರೋ ಕಸುಬನ್ನ ಕಾಗದದಲ್ಲಿ ಸುತ್ತಿ ಮಾರ್ತೀಯಲ್ಲೇ! ನಾಳೆ ಎಲ್ಲರೂ ಅವರವರದ್ದು ಅವರೇ ಹೊಲ್ಕೊಂಡ್ರೆ ನಿನ್ನ ಬಾಗಿಲಿಗೆ ಯಾರು ಬರ್ತಾರೆ?"

"ಬರೋದು ಬೇಡ ಅತ್ತೆ. ನನ್ನ ಕಾಗದಾನೇ ಅವರ ಬಾಗಿಲಿಗೆ ಹೋಗುತ್ತೆ."

"ಮಾತಿಗೇನೂ ಬರ ಇಲ್ಲ ನಿಂಗೆ."

ಇಲ್ಲ. ಕತ್ತರಿಗೂ ಇಲ್ಲ.

ಫೆಬ್ರವರಿ 11

ಬಂತು! ಮೊದಲನೇ ದೊಡ್ಡ ಆರ್ಡರ್!! ಕೊಚ್ಕೊರ್‌ನಿಂದ ತುರ್ಸುನಾಯ್ ಎಂಬಾಕೆ ಫೋನ್ ಮಾಡಿದ್ದರು. ಸಂಗೀತದ ಟೀಚರ್. ಅಲ್ಲಿನ ಹೆಂಗಸರ ಹಾಡಿನ ತಂಡ ಕಟ್ಟಿದ್ದಾರೆ. ಬರುವ ತಿಂಗಳ ನೋರುಜ್ ಹಬ್ಬಕ್ಕೆ ಇಲ್ಲಿ ನಮ್ಮ ಚೌಕದಲ್ಲೇ ಹಾಡುತ್ತಾರಂತೆ. ಎಲ್ಲರಿಗೂ ಒಂದೇ ಬಣ್ಣದ ಮಖಮಲ್ ಕೆಮ್ಸೆಲ್ ಬೇಕು. ತೋಳಿಲ್ಲದ್ದು, ಸೊಂಟಕ್ಕೆ ಹಿಡಿದು ಕೂರುವಂಥದ್ದು.

ನಾನೇ ಹೊಲಿದುಕೊಡಲಾ ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಹಳೇ ಚಾಳಿ.

"ಬೇಡ ಬೇಡ. ಹೊಲಿಯೋಕೆ ನಮಗೆ ಬರುತ್ತೆ. ಕತ್ತರಿಸೋಕೇ ಕೈ ನಡುಗೋದು. ಬಟ್ಟೆ ಮೇಲಿಟ್ಟು ಗೆರೆ ಎಳೆಯೋಕೆ ನಿಮ್ಮ ಕಾಗದದ ಪ್ಯಾಟರ್ನ್ ಕೊಟ್ಬಿಡಿ, ಸಾಕು."

ಅದೇ ಅಲ್ಲವೇ ನಾನು ಹೇಳುವುದು! ಬಿಷ್ಕೆಕ್‌ನ ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮೇಜಿನ ಮುಂದೆ ನಿಂತು ನಿಂತು ಕಾಲು ಊದಿಸಿಕೊಂಡಿದ್ದು ಸಾಕು. ನನ್ನ ಗೆರೆಗೆ ಬೇರೆ ಯಾರದೋ ಲೇಬಲ್ಲು. ಈಗ ಪ್ರತಿ ಹಾಳೆಯ ಮೇಲೂ ಮುದ್ರೆ ಒತ್ತುತ್ತೇನೆ — ಕನಿಶಾಯ್ ಕಟಿಂಗ್. ಒತ್ತಿ, ಸ್ವಲ್ಪ ದೂರ ನಿಂತು ನೋಡುತ್ತೇನೆ. ಯಾರಿಗೂ ಹೇಳಬಾರದು, ಇವತ್ತು ಒಂದಕ್ಕೆ ಮುತ್ತು ಕೊಟ್ಟೆ.

ಫೆಬ್ರವರಿ 15

ಒಬ್ಬೊಬ್ಬರ ಅಳತೆಗೂ ಒಂದೊಂದು ಪ್ಯಾಟರ್ನ್ ಕತ್ತರಿಸಿ ಕಟ್ಟಿದ ಪಾರ್ಸೆಲ್ ಹೊರಟಿತು. ಭುಜದ ಗೆರೆಗೇ ಎರಡು ದಿನ ಹಿಡಿಯಿತು. ಹಾಡುವವರು ಕೈ ಎತ್ತುತ್ತಾರೆ. ಕೈ ಎತ್ತಿದರೆ ಕೆಮ್ಸೆಲ್ ಕಿವಿಗೆ ಬರಬಾರದು. ಅದಕ್ಕೇ ಭುಜದ ಹೊಲಿಗೆಯನ್ನು ಚೂರು ಮುಂದಕ್ಕೆ ತಂದೆ. ಚೂರೇ ಚೂರು. ಅತ್ತೆಗೆ ತೋರಿಸಿದೆ. "ಹೂಂ" ಅಂದರು. ಅತ್ತೆಯ ಬಾಯಲ್ಲಿ "ಹೂಂ" ಅಂದರೆ ಬೇರೆಯವರ ಬಾಯಲ್ಲಿ ಚಪ್ಪಾಳೆ.

ಮಾರ್ಚ್ 2, ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ತಲೆ ಒಡೆಯುತ್ತದೆ.

ತುರ್ಸುನಾಯ್ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಹಿಂದೆ ಹೆಂಗಸರ ನಗು ಬೇರೆ.

"ಕನಿಶಾಯ್, ಇದೇನಮ್ಮ ಕೆಮ್ಸೆಲ್ಲೋ, ಗುಡಾರವೋ? ನಡುವೆ ಒಂದು ಒಲೆ ಇಟ್ರೆ ಸಂಸಾರ ಮಾಡಬಹುದು! ಒಬ್ಬರದ್ದಲ್ಲ, ಎಲ್ಲರದ್ದೂ ಹೀಗೇ. ಮಖಮಲ್ ಕತ್ತರಿಸಿ ಆಗಿದೆ. ಈಗೇನು ಮಾಡೋಣ ಹೇಳಿ."

ಫೋಟೋನೂ ಇದೆ. ಭುಜ ತೋಳಿನ ಮೇಲೆ ಜೋತುಬಿದ್ದಿದೆ. ನನ್ನ ಭುಜ! ಎರಡು ದಿನದ ಭುಜ!

ಮೈಯೆಲ್ಲ ಉರಿದುಹೋಯಿತು. ಪ್ಯಾಟರ್ನ್ ಸರಿಯಾಗಿಯೇ ಇದೆ, ನಿಮಗೆ ಕತ್ತರಿ ಹಿಡಿಯಲು ಬರುವುದಿಲ್ಲ ಎಂದು ಹೇಳಿಬಿಟ್ಟೆ. ಹಾಗೆಯೇ ಹೇಳಿದೆ. ಅಷ್ಟೇ ಒರಟಾಗಿ.

ಮಾರ್ಚ್ 3

ಹೊಲಿಗೆಯವರ ವಾಟ್ಸಾಪ್ ಗುಂಪಿಗೆ ಆ ಫೋಟೋ ಬಿದ್ದಿದೆ. "ಈ ಪ್ಯಾಟರ್ನ್ ತಗೊಳ್ಳೋ ಮುಂಚೆ ಯೋಚನೆ ಮಾಡಿ" ಅಂತ. ನಿನ್ನೆಯವರೆಗೆ ವಿಚಾರಿಸುತ್ತಿದ್ದವರೆಲ್ಲ ಗಪ್‌ಚುಪ್.

ಉಳಿದಿದ್ದ ನನ್ನ ಅಳತೆಯ ಪ್ಯಾಟರ್ನ್ ಇಟ್ಟು ನಾನೇ ಒಂದು ಹೊಲಿದೆ. ಹಾಕಿಕೊಂಡೆ. ಮೈಗೆ ಅಂಟಿಸಿದ ಹಾಗೆ ಕೂತಿದೆ. ಮತ್ತೆ ಅವರದ್ದೇನು?

ಮೆದೆರ್ ಅಂದ, "ಅಳತೆ ತಪ್ಪು ಕೊಟ್ಟಿರಬೇಕು ಬಿಡು."

"ಅಷ್ಟೂ ಜನಾನಾ?"

ವ್ಯಾನಿನ ಕೀಲಿ ಎತ್ತಿಕೊಂಡು ಹೊರಟ.

ಇದು ನಿಂತುಹೋದರೆ ಮತ್ತೆ ಬಿಷ್ಕೆಕ್. ಮತ್ತೆ ಆ ಮೇಜು, ಆ ಲೇಬಲ್ಲು. ಮುದ್ರೆಯನ್ನು ಡ್ರಾಯರ್ ಒಳಗೆ ಹಾಕಿ ಮುಚ್ಚಿದೆ. ನೋಡಲಾಗುವುದಿಲ್ಲ.

ಮಾರ್ಚ್ 5

ಸಿಕ್ಕಿತು!!

ಬೇರೆಯವರ ಕೈಯಲ್ಲಿ ಹೊಲಿಸಿ ನೋಡಬೇಕು ಎಂದುಕೊಂಡೆ. ಬೇರೆಯವರು ಅಂದರೆ ಮನೆಯಲ್ಲಿ ಅತ್ತೆಯೇ. ಕೇಳಲು ನಾಲಿಗೆ ಏಳಲಿಲ್ಲ. ಹೇಗೋ ಕೇಳಿದೆ.

"ಅಯ್ಯೋ, ನನ್ನಂಥವಳ ಕೈಗೆ ನಿನ್ನ ಕಾಗದ ಬಗ್ಗುತ್ತೇನೇ ತಾಯಿ?" ಅಂದರು. ಆದರೆ ಕನ್ನಡಕ ಹುಡುಕಿದರು.

ಹಳೇ ಪರದೆ ಹಾಸಿದರು. ಪ್ಯಾಟರ್ನ್ ಇಟ್ಟರು. ಚಾಕ್ ಹಿಡಿದು ಸುತ್ತ ಗೆರೆ ಎಳೆದರು. ಸರಿಯಾಗಿಯೇ ಎಳೆದರು. ಆಮೇಲೆ ಹಾಳೆ ತೆಗೆದು, ಆ ಗೆರೆಯ ಆಚೆ ಬೆರಳಿನಷ್ಟು ಜಾಗ ಬಿಟ್ಟು ಸರಸರ ಇನ್ನೊಂದು ಗೆರೆ. ಪಕ್ಕಕ್ಕೆ, ಭುಜಕ್ಕೆ, ಬೆನ್ನಿಗೆ, ಎಲ್ಲ ಕಡೆ. ಸ್ಕೇಲೂ ಇಲ್ಲ, ಯೋಚನೆಯೂ ಇಲ್ಲ.

"ಅತ್ತೆ! ನಿಲ್ಲಿ! ಏನು ಮಾಡ್ತಿದೀರಿ?"

"ಹೊಲಿಗೆ ಒಳಗೆ ಹೋಗೋ ಬಟ್ಟೆಗೆ ಮಾರ್ಜಿನ್ ಬಿಡ್ತಿದೀನಿ. ಕಣ್ಣು ಕಾಣಲ್ವಾ?"

"ಮಾರ್ಜಿನ್ ಅದರಲ್ಲೇ ಸೇರಿದೆ!"

"ಸೇರಿದೆಯಾ? ಎಲ್ಲಿ ಬರೆದಿದೆ?"

ಎಲ್ಲಿ ಬರೆದಿದೆ!

ಎಲ್ಲೂ ಬರೆದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಯಾರೂ ಬರೆಯುವುದಿಲ್ಲ. ಅಲ್ಲಿ ಪ್ಯಾಟರ್ನ್ ಅಂದರೆ ಮಾರ್ಜಿನ್ ಸೇರಿಸಿಯೇ. ಆದರೆ ನಮ್ಮ ಹೆಂಗಸರೆಲ್ಲ ಹೊಲಿಗೆ ಕಲಿತಿದ್ದು ಫ್ಯಾಷನ್ ಪತ್ರಿಕೆ ನೋಡಿ. ನಡುವೆ ಮಡಚಿಟ್ಟಿರುತ್ತಿದ್ದ ಆ ದೊಡ್ಡ ಹಾಳೆ, ಜೇಡರ ಬಲೆಯಂಥ ಗೆರೆಗಳು... ಅದರಲ್ಲಿ ಮಾರ್ಜಿನ್ ಇರುತ್ತಿರಲಿಲ್ಲ. ಟ್ರೇಸ್ ಮಾಡಿ ನಾವೇ ಬಿಡಬೇಕು. ಅಮ್ಮ ಬಿಡುತ್ತಿದ್ದಳು. ಹುಡುಗಿಯಾಗಿದ್ದಾಗ ನಾನೂ ಬಿಡುತ್ತಿದ್ದೆ. ಇಲ್ಲಿ ಕಾಗದ ಕಂಡರೆ ಚಾಕ್ ಹಿಡಿದ ಕೈ ತಾನಾಗಿಯೇ ಆಚೆ ಸರಿಯುತ್ತದೆ. ಕೊಚ್ಕೊರ್‌ನಲ್ಲಿ ಅಷ್ಟೂ ಕೈ ಸರಿದಿವೆ. ಮಾರ್ಜಿನ್ ಮೇಲೆ ಮಾರ್ಜಿನ್, ಪ್ರತಿ ಹೊಲಿಗೆಗೂ ಎರಡು ಕಡೆ ಹೆಚ್ಚು. ಗುಡಾರ ಆಗದೆ ಇನ್ನೇನಾಗುತ್ತದೆ?

ಅತ್ತೆಯನ್ನು ತಬ್ಬಿಕೊಂಡೆ. "ಬಿಡೇ, ಚಾಕ್ ಮೆತ್ಕೊಳ್ಳುತ್ತೆ" ಅಂದರು.

ಅದೇ ದಿನ, ಮಧ್ಯಾಹ್ನ

ಈಗ ತುರ್ಸುನಾಯ್‌ಗೆ ಹೇಳಬೇಕು. ವಾಯ್ಸ್ ಮೆಸೇಜ್ ಮಾಡುವುದು, ಅಳಿಸುವುದು. "ಇದರಲ್ಲಿ ಅರ್ಧ ತಪ್ಪು ನನ್ನದು" ಎಂದು ಶುರು ಮಾಡಿದ್ದೆ. ಒಲೆಯ ಹತ್ತಿರದಿಂದ ಅತ್ತೆ —

"ಅರ್ಧ ಅಂತೆ! ಇನ್ನರ್ಧ ಯಾರದು, ನನ್ನದಾ?"

ಅಳಿಸಿದೆ. ಪೂರ್ತಿ ನನ್ನದು ಎಂದು ಹೇಳಿದೆ. ಕತ್ತರಿ ಹಿಡಿಯಲು ಬರುವುದಿಲ್ಲ ಎಂದಿದ್ದಕ್ಕೂ ಕ್ಷಮಿಸಿ ಎಂದೆ. ಕಳಿಸಿದೆ.

ಮಾರ್ಚ್ 6

ತುರ್ಸುನಾಯ್ ಅವರೇ ಫೋನ್ ಮಾಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಾರ್ಜಿನ್ ಬಿಡದವಳು ಹೆಂಗಸಾ ಅಂತ ನಾನೇ ಎಲ್ಲರಿಗೂ ಹೇಳಿದ್ದೆ ಕಣಮ್ಮಾ! ಈಗ ಎಲ್ಲಾ ಬಿಚ್ಚಬೇಕಾ?"

"ಬಿಚ್ಚಲೇಬೇಡಿ. ಮಖಮಲ್‌ನಲ್ಲಿ ಸೂಜಿ ಗುರುತು ಉಳಿಯುತ್ತೆ. ಈಗಿನ ಹೊಲಿಗೆಯಿಂದ ಒಂದೂವರೆ ಸೆಂಟಿಮೀಟರ್ ಒಳಗೆ ಇನ್ನೊಂದು ಹೊಲಿಗೆ ಹಾಕಿ. ಹೊರಗಿಂದು ಕತ್ತರಿಸಿಬಿಡಿ. ಕತ್ತು, ಕಂಕುಳು ಮಾತ್ರ ಪ್ಯಾಟರ್ನ್ ಇಟ್ಟು ಮತ್ತೆ ಕತ್ತರಿಸ್ಕೊಳ್ಳಿ. ಲೈನಿಂಗ್ ಹಾಕಿಲ್ಲ ತಾನೇ?"

"ಇಲ್ಲ. ಆದ್ರೂ ಭಯ ಕಣಮ್ಮಾ. ನೀವೇ ಸರಿ ಮಾಡಿಕೊಟ್ಬಿಡಿ."

ಮೆದೆರ್ ಪಕ್ಕದಿಂದ ಸನ್ನೆ ಮಾಡುತ್ತಿದ್ದ. ಕೊಚ್ಕೊರ್ ಬಿಷ್ಕೆಕ್ ದಾರಿಯಲ್ಲೇ ಇದೆ, ನಾನೇ ಎತ್ತಿಕೊಂಡು ಬರುತ್ತೇನೆ, ಅಂತ. ಸುಲಭ. ಕೂತರೆ ಒಂದು ವಾರದ ಕೆಲಸ. ಬೆರಳು ಕಡಿಯುತ್ತಿತ್ತು, ಮಾಡಿಬಿಡೋಣ ಎಂದು.

ಇಲ್ಲ ಎಂದೆ. ನಾನು ಸರಿ ಮಾಡಿದರೆ ಅದು ನಾನು ಹೊಲಿದ ಬಟ್ಟೆ. ನನ್ನ ಕಾಗದ ಸೋತ ಹಾಗೆ. "ನೀವೇ ಮಾಡ್ತೀರಿ. ಮೊದಲು ಒಂದು ಭುಜ ಮಾಡಿ, ಫೋಟೋ ಕಳಿಸಿ" ಎಂದೆ.

ಅತ್ತೆ: "ಜಂಭ."

ಹೌದು. ಜಂಭವೇ. ಆದರೆ ಕೆಟ್ಟರೆ ಬೇರೆ ಮಖಮಲ್‌ಗೆ ಹೊತ್ತಿಲ್ಲ. ಇಡೀ ಚೌಕದ ಮುಂದೆ ನನ್ನ ಹೆಸರು ಗುಡಾರ ಹೊದ್ದುಕೊಂಡು ನಿಲ್ಲುತ್ತದೆ.

ಮಾರ್ಚ್ 8

ಮಹಿಳಾ ದಿನ. ಊರಿಗೆಲ್ಲ ಹೂವು. ಮೆದೆರ್ ನನಗೆ ತಂದಿದ್ದು ಇನ್ನೊಂದು ಮುದ್ರೆ, ಕೆಂಪು ಶಾಯಿಯದು — "ಮಾರ್ಜಿನ್ ಸೇರಿದೆ". ಹೂವು ಎಲ್ಲಿ ಎಂದು ಜಗಳ ಮಾಡಿದೆ. ಆಮೇಲೆ ಇದ್ದಬದ್ದ ಹಾಳೆಗೆಲ್ಲ ಒತ್ತಿದೆ. ಅತ್ತೆ ಓದುತ್ತಿದ್ದ ಪತ್ರಿಕೆಗೂ ಒಂದು.

ಒಂದು ಭುಜದ ಫೋಟೋ ಬಂತು. ಕೂತಿದೆ.

ಮಾರ್ಚ್ 18

ಆ ಒಂದು ಭುಜ ಆದಮೇಲೆ ಕೊಚ್ಕೊರ್ ಕಡೆಯಿಂದ ಸುದ್ದಿಯಿಲ್ಲ. ಕೇಳುವುದಿಲ್ಲ. ಕೇಳಿದರೆ ನಂಬಿಕೆ ಇಲ್ಲ ಎಂದಾಗುತ್ತದೆ. ಇವತ್ತು ಮೂರು ಸಲ ಫೋನ್ ಎತ್ತಿ ಇಟ್ಟೆ.

ಮಾರ್ಚ್ 21, ಸಂಜೆ

ನೋರುಜ್. ಚೌಕದಲ್ಲಿ ಕಾಲಿಡಲು ಜಾಗವಿಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅತ್ತೆಯ ತೋಳು ಹಿಡಿದು ನುಗ್ಗಿ ಮುಂದೆ ನಿಂತೆ.

ಕೊಚ್ಕೊರ್ ತಂಡ ಎಂದು ಕೂಗಿದರು.

ಬಂದರು. ದಾಳಿಂಬೆ ಬಣ್ಣದ ಮಖಮಲ್. ದಪ್ಪಗಿದ್ದವರು, ಸಣ್ಣಗಿದ್ದವರು, ಒಬ್ಬಾಕೆ ಬಸುರಿ. ಸಾಲಾಗಿ ನಿಂತು ಒಟ್ಟಿಗೆ ಕೈ ಎತ್ತಿದರು.

ಒಂದು ಕೆಮ್ಸೆಲ್ಲಿನ ಭುಜವೂ ಅಲುಗಲಿಲ್ಲ. ಒಂದೂ.

ಹಾಡು ಏನು ಹಾಡಿದರೋ ಗೊತ್ತಿಲ್ಲ. ಭುಜ ನೋಡುತ್ತಲೇ ಇದ್ದೆ. ಅತ್ತೆ ನನ್ನ ಕೈ ಹಿಂಡಿದರು, ನೋಯುವಷ್ಟು. ಅಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಮೆದೆರ್ ಓದಬಾರದು.

ಆಮೇಲೆ ಚಹಾದ ಹತ್ತಿರ ತಂಡದ ಒಬ್ಬಾಕೆ ಪಕ್ಕಕ್ಕೆ ಬಂದು ನಿಂತರು. ನನಗಿಂತ ಹಿರಿಯರು, ಎತ್ತರದ ನಿಲುವು, ಅಗಲ ಬೆನ್ನು. ತಟ್ಟೆಯಿಂದ ಕರಿದ ಹಿಟ್ಟಿನ ಬೊರ್ಸೊಕ್ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಫೋನಿನಲ್ಲಿ ಮಾತಾಡಿದ್ದು ತುರ್ಸುನಾಯ್ ಒಬ್ಬರೇ.

"ಅಕ್ಕಾ, ಕೆಮ್ಸೆಲ್ ಚೆನ್ನಾಗಿ ಕೂತಿದೆ" ಎಂದೆ. ಸುಮ್ಮನಿರಲು ಆಗಲಿಲ್ಲ.

ಅವರ ಮುಖ ಅರಳಿತು. ಬೊರ್ಸೊಕ್ ಬಿಟ್ಟು ಪೂರ್ತಿ ಒಂದು ಸುತ್ತು ತಿರುಗಿ ತೋರಿಸಿ, ಎದೆಯ ಮೇಲೆ ಕೈಯಿಟ್ಟರು.

"ಕೂರದೆ ಏನು! ನಾನೇ ಕತ್ತರಿಸಿದ್ದು, ನಾನೇ ಹೊಲಿದಿದ್ದು. ಒಂದು ಸಲ ಕೆಡ್ತು. ಅತ್ತುಬಿಟ್ಟೆ. ಮತ್ತೆ ನಾನೇ ಸರಿ ಮಾಡ್ದೆ. ಈ ಬೆನ್ನು ನೋಡು ತಂಗಿ. ಅಂಗಡಿ ಬಟ್ಟೆ ಹುಟ್ಟಿದಾಗಿಂದ ನಂಗೆ ಹಿಡಿಸಿಲ್ಲ. ಟೈಲರ್‌ಗಳು ನಗೋರು. ಈಗ ಯಾರ ಹಂಗೂ ಇಲ್ಲ."

ಅತ್ತೆ ಬಾಯಿ ತೆರೆದರು. "ಏಯ್, ಆ ಪ್ಯಾಟರ್ನ್ ಇದೆಯಲ್ಲ, ಅದು ನಮ್ಮ ಸೊ—"

ಅತ್ತೆಯ ಬೂಟು ತುಳಿದೆ. ಜೋರಾಗಿಯೇ.

ದಾರಿಯುದ್ದಕ್ಕೂ ಕುಂಟುತ್ತಾ ಬೈದರು. ದಿನವಿಡೀ ನಿನ್ನ ಹೆಸರು ನೀನೇ ಡಂಗುರ ಹೊಡೀತೀಯ, ಹೊಡೆಯೋ ಹೊತ್ತಲ್ಲಿ ಬಾಯಿ ಹೊಲ್ಕೊಂಡು ನಿಂತೆಯಲ್ಲೇ, ಯಾಕೆ ಹೇಳಲಿಲ್ಲ, ಅಂತ. ಈಗಲೂ ಒಳಕೋಣೆಯಿಂದ ಕೇಳುತ್ತಿದ್ದಾರೆ. ಯಾಕೆ ಅಂದರೆ... ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಆಕೆ ಎದೆಯ ಮೇಲೆ ಕೈಯಿಟ್ಟು "ನಾನೇ" ಅಂದರಲ್ಲ, ಆಗ ಅವರ ಮುಖ, ಮುದ್ರೆ ಒತ್ತಿ ದೂರ ನಿಂತು ನೋಡುವಾಗಿನ ನನ್ನ ಮುಖದ ಹಾಗೇ ಇತ್ತು.