ಅಪ್ಪ ಬಿಚ್ಚಿಟ್ಟ ಮೆಡಲು

ಗಿರಿ,

ಎದ್ದ ತಕ್ಷಣ ಓದು. ನಿನ್ನೆ ಒಂದು ದಿನ ರಜೆ ಹಾಕಿದ್ದೆ, ಇವತ್ತು ಸಿಗಲಿಲ್ಲ. ಅಪ್ಪನನ್ನು ಮಾಜಿ ಸೈನಿಕರ ಆಫೀಸಿಗೆ ನೀನೇ ಕರ್ಕೊಂಡು ಹೋಗಬೇಕು. ಚಿತ್ರಾನ್ನ ಮಾಡಿಟ್ಟಿದೀನಿ, ಅವರಿಗೆ ತಿನ್ನಿಸಿ ಹೊರಡು.

ಕಳೆದುಹೋದ ಅವರ ಮಿಲ್ಟ್ರಿ ಸರ್ವೀಸ್ ಪುಸ್ತಕದ ನಕಲು ತರೋಕೆ ನಿನ್ನೆ ಹೋದಾಗ ಕೆಲಸ ಕೆಟ್ಟಿದ್ದು ನನ್ನಿಂದ. ಅಪ್ಪ ಇಸ್ತ್ರಿ ಮಾಡಿದ ಶರ್ಟಿಗೆ ಮಿಲ್ಟ್ರಿ ಮೆಡಲು ಚುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಬಸ್ಸಲ್ಲಿ ಎಲ್ಲರೂ ನೋಡ್ತಾರೆ, ಬಿಚ್ಚಿಡಿ ಅಪ್ಪ" ಅಂದೆ. ಬಿಚ್ಚಿ ಟಿವಿ ಪಕ್ಕ ಇಟ್ಟರು.

ಕೌಂಟರಿನ ಹುಡುಗಿ ಮರ್ಯಾದೆಯಿಂದಲೇ ಮಾತಾಡಿಸಿದಳು. "ಡಿಸ್ಚಾರ್ಜ್ ಬುಕ್ ಕಳೆದುಹೋದ್ರೂ ಪರವಾಗಿಲ್ಲ ಸಾರ್, ನಮ್ಮ ಹತ್ರ ಇರೋದರ ನಕಲು ಕೊಡ್ತೀವಿ. ನಿಮ್ಮ ಆರ್ಮಿ ನಂಬರ್ ಹೇಳಿ, ಹುಡುಕ್ತೀನಿ" ಅಂದಳು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ ನಂಬರು ಅಪ್ಪನಿಗೆ ಹೊಳೆಯಲಿಲ್ಲ. ನೆಟ್ಟಗೆ ನಿಂತು ತಮ್ಮ ಎದೆಯನ್ನೇ ತಡವುತ್ತಿದ್ದರು. ಎದೆನೋವೇನೋ ಅಂದುಕೊಂಡೆ. ವಾಪಸ್ ಬರುವಾಗ ಮಲ್ಲತ್ತಹಳ್ಳಿ ಸ್ಟಾಪಿನಲ್ಲಿ ಇಳಿದು, "ನಂಬರ್ ಮರೆತೋನು ಎಂಥ ಸಿಪಾಯಿನಮ್ಮ?" ಅಂದರು. ಮನೆಗೆ ಬಂದು ಮಲಗಿದವರು ಊಟಕ್ಕೂ ಏಳಲಿಲ್ಲ.

ಸಂಜೆ ಮೆಡಲನ್ನು ಡಬ್ಬಿಗೆ ಹಾಕುವಾಗ ನೋಡಿದೆ ಕಣೋ. ಅದರ ಅಂಚಿನಲ್ಲಿ ಅಪ್ಪನ ಹೆಸರು, ನಂಬರು ಎರಡನ್ನೂ ಕೆತ್ತಿದಾರೆ. ಅವರ ಕೈ ಹುಡುಕಿದ್ದು ಅದನ್ನೇ. ಅಷ್ಟು ಜನರ ಮುಂದೆ ತಲೆ ತಗ್ಗಿಸಿದರೇ ಹೊರತು, ಇವಳೇ ಬಿಚ್ಚಿಸಿದ್ದು ಅಂತ ನನ್ನ ಕಡೆ ಬೆರಳು ತೋರಿಸಲಿಲ್ಲ.

ಡಬ್ಬಿ ಟಿವಿ ಪಕ್ಕದಲ್ಲಿದೆ. ನೀನೇ ಚುಚ್ಚು, ಎಡಗಡೆಗೆ. ನನ್ನ ಕೈಲಿ ಅವರ ಮುಖ ನೋಡೋಕೆ ಆಗಲಿಲ್ಲ, ಅದಕ್ಕೇ ಅವರು ಏಳೋ ಮುಂಚೆ ಹೊರಟೆ.

ಯಾರಾದರೂ ನೋಡಿದರೆ ನೋಡಲಿ. ನಿನ್ನೆ ನಾನು ಅವರನ್ನು ಬಿಟ್ಟು ಮುಂದೆ ಮುಂದೆ ನಡೆದೆ. ನೀನು ಪಕ್ಕದಲ್ಲೇ ನಡಿ.

ರಕ್ಷಾ