ಗೀರು ಹಾಕಿದ ಬದಿ

ಮುಟ್ಟಳ್ಳಿ, ಭಟ್ಕಳ
೨೧ ಜನವರಿ ೨೦೨೫, ಮಂಗಳವಾರ

ಧನ್ಯಾಳ ಅಪ್ಪನಿಗೆ ಮಾಲಿನಿ ಮಾಡುವ ನಮಸ್ಕಾರ.

ಬೆನ್ನುನೋವು ಕಡಿಮೆಯಾಯಿತೇ? ನಿಮ್ಮ ಅಕ್ಕ ನಾಗಮ್ಮನವರ ಅಡುಗೆಗೆ ಖಾರ ಜಾಸ್ತಿ, ನಿಮ್ಮ ಹೊಟ್ಟೆಗೆ ಆಗಿಬರುವುದಿಲ್ಲ ಎಂದು ಗೊತ್ತಿದ್ದೂ ಧಾರೇಶ್ವರದಲ್ಲಿ ಹೋಗಿ ಕೂತು ಒಂಬತ್ತು ತಿಂಗಳಾಯಿತು. ಸಂಶಯಪಟ್ಟು ನಿಮ್ಮ ಫೋನು ತೆಗೆದು ನೋಡಿದ್ದು ನನ್ನ ತಪ್ಪೇ. ಅಷ್ಟಕ್ಕೇ ಮನೆ ಬಿಟ್ಟು ಹೋಗಬೇಕಿತ್ತೇ? ಇರಲಿ. ಫೋನು ಮಾಡಿದರೆ ಇದೇ ಜಗಳ ಮತ್ತೆ ಶುರುವಾಗುತ್ತದೆ, ಅದಕ್ಕೇ ಈ ಕಾಗದ. ನಾನು ಸೌಖ್ಯ. ಜಾಲಿಯ ಅಂಗಡಿಯಲ್ಲಿ ಹೊಲಿಗೆ ಕೆಲಸ ಕೈತುಂಬ ಇದೆ.

ವಿಷಯ ನಮ್ಮ ಮಗಳದು. ಎರಡು ತಿಂಗಳಿಂದ ಪ್ರತಿ ಭಾನುವಾರ, ಹೊನ್ನಾವರದ ಗೆಳತಿ ರೇಖಾಳ ಮನೆಗೆ ಗಣಿತ ಓದಲು ಎಂದು ಎಂಟರ ಕುಮಟಾ ಬಸ್ಸಿಗೆ ಹೊರಡುತ್ತಾಳೆ. ಸಂಜೆ ಹಾಡು ಗುನುಗುತ್ತ ಬರುತ್ತಾಳೆ. ಗಣಿತ ಓದಿದವರು ಯಾರಾದರೂ ಹಾಡುತ್ತ ಬರುತ್ತಾರೆಯೇ? "ಯಾರ್ಯಾರು ಇದ್ರು ಅಲ್ಲಿ?" ಎಂದರೆ "ಎಂತ ಅಮ್ಮಾ, ನಿಂಗೆ ಎಲ್ಲದ್ರಲ್ಲೂ ಸಂಶಯ!" ಹದಿನೇಳರ ಹುಡುಗಿ, ಯಾವನೋ ಒಬ್ಬ ಇದ್ದಾನೆ ಎಂದೇ ತೀರ್ಮಾನಿಸಿದೆ. ಚೀಲ ತಡಕಾಡಿದೆ, ವೇಲು ಮೂಸಿದೆ. ಸಿಕ್ಕಿದ್ದು ಒಂದು ಪೆಪ್ಪರಮಿಂಟು. ಎರಡು ವಾರ ಊಟ ಸೇರಲಿಲ್ಲ.

ನಿನ್ನೆ ಅವಳ ಗ್ರಾಫ್ ಪುಸ್ತಕ ತೆಗೆದೆ. ಅಸಮತೆಯ ಆರು ಲೆಕ್ಕಗಳು. ಮೊದಲನೆಯದು x + y ≤ 6. ಗೆರೆ ನೇರವಾಗಿಯೇ ಇತ್ತು, ಆದರೆ ಉತ್ತರ ಯಾವ ಬದಿ ಎಂದು ತೋರಿಸುವ ಗೀರು ಹಾಕಿದ್ದು ಗೆರೆಯ ಮೇಲ್ಬದಿಗೆ. x, y ಎರಡಕ್ಕೂ ಸೊನ್ನೆ ಇಟ್ಟು ನೋಡಿದೆ: ಸೊನ್ನೆ ಆರಕ್ಕಿಂತ ಕಡಿಮೆ, ಅಂದರೆ ಉತ್ತರ ಕೆಳಬದಿಗೆ. ಆ ಬದಿ ಬಿಳಿಯಾಗಿಯೇ ಇದೆ! ಉಪನ್ಯಾಸಕರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದಾರೆ. ಇವಳ ಮನಸ್ಸು ಓದಿನ ಮೇಲಿಲ್ಲ, ಇನ್ನು ಅನುಮಾನವೇ ಬೇಡ ಎಂದುಕೊಂಡು ಪುಟ ತಿರುವಿದೆ. ಅದೂ ತಿರುಗುಮುರುಗು. ಮೂರನೆಯದರಲ್ಲಿ ಉತ್ತರ ಮೇಲೆ, ಗೀರು ಕೆಳಗೆ. ಮೈಮರೆತವರು ಒಂದೆರಡು ತಪ್ಪುತ್ತಾರೆ, ಆರಕ್ಕೆ ಆರೂ ಒಂದೇ ರೀತಿ ತಪ್ಪುವುದಿಲ್ಲ. ಯಾರೋ ಕೂತು ಹೀಗೆ ಕಲಿಸಿದ್ದಾರೆ.

ಆಗ ಹೊಳೆಯಿತು, ಇದು ನಿಮ್ಮದೇ ಪಾಠ: "ಬೇಡದ್ದಕ್ಕೆಲ್ಲ ಗೀರು ಹಾಕು. ಬಿಳಿ ಉಳಿದದ್ದೇ ಉತ್ತರ, ಆತು." ಮದುವೆಗೆ ಮೊದಲು ಟ್ಯೂಷನ್ನಿನಲ್ಲಿ ನನಗೆ ನೀವು ಕಲಿಸಿದ್ದೂ ಹೀಗೆಯೇ, ನಾನು ಹಾಗೇ ಬರೆದು ಐದು ಅಂಕ ಕಳೆದುಕೊಂಡಿದ್ದೆ. ಪಠ್ಯಪುಸ್ತಕ ಉತ್ತರದ ಬದಿಗೆ ಗೀರು ಹಾಕು ಎಂದರೆ, ನೀವು ಉಲ್ಟಾ. ಹೊನ್ನಾವರದಲ್ಲಿ ಇಳಿಯದೆ ಅದೇ ಕುಮಟಾ ಬಸ್ಸಿನಲ್ಲಿ ಮುಂದೆ ಧಾರೇಶ್ವರಕ್ಕೆ ನಿಮ್ಮ ಹತ್ತಿರ ಬರುತ್ತಾಳೆ, ಅಲ್ಲವೇ?

ಮೊದಲು ಸಮಾಧಾನವಾಯಿತು, ಆಮೇಲೆ ಸಿಟ್ಟು ಬಂತು, ಕೊನೆಗೆ ಅತ್ತುಬಿಟ್ಟೆ. ಅಪ್ಪನನ್ನು ನೋಡಲು ಮಗಳು ನನಗೆ ಸುಳ್ಳು ಹೇಳಬೇಕಾಯಿತಲ್ಲ. ನನಗೆ ಅಷ್ಟು ಹೆದರುತ್ತಾಳೆಯೇ? ಪುಸ್ತಕ ಇದ್ದಲ್ಲೇ ಇಟ್ಟಿದ್ದೇನೆ, ನನಗೆ ಗೊತ್ತಾಗಿದ್ದು ಅವಳಿಗೆ ತಿಳಿಯದು. ಪರೀಕ್ಷೆಗೆ ಐದೇ ವಾರ ಇದೆ. ಪಠ್ಯಪುಸ್ತಕದಲ್ಲಿದ್ದಂತೆ ಗೀರು ಹಾಕಲು ಹೇಳಿ.

ನಾಗಮ್ಮನವರಿಗೆ ನನ್ನ ನಮಸ್ಕಾರ. ಮಾತ್ರೆ ತಪ್ಪಿಸಬೇಡಿ.

ನಿಮ್ಮ
ಮಾಲಿನಿ

ಅಂಚೆಗೆ ಹಾಕುವ ಮೊದಲು ಇನ್ನೊಂದು ಮಾತು: ಇಷ್ಟು ಭಾನುವಾರಗಳಲ್ಲಿ ಒಂದು ಸಲವಾದರೂ ಅವಳ ಹತ್ತಿರ ನನ್ನ ವಿಷಯ ಕೇಳಿದಿರಾ? ಅವಳನ್ನು ಕೇಳೋಣವೆಂದರೆ ನನ್ನ ಗುಟ್ಟು ಬಯಲಾಗುತ್ತದೆ. ನೀವು ಬರೆದು ಕಳಿಸಿದರೆ ನಾನು ನಂಬುವವಳಲ್ಲ. ಬಂದು ಹೇಳಿ.