ಯಾರೂ ಒತ್ತುವರಿ ಮಾಡದ ಗೋಮಾಳದಲ್ಲಿ ನಮ್ಮ ಮನೆ

ಪ್ರಾದೇಶಿಕ ಯೋಜನೆಯ ನಕ್ಷೆಗೆ ಬಣ್ಣ ಹಾಕುವ ಮಾನ್ಯ ಅಧಿಕಾರಿಗಳೇ,

ಆನೆ ಓಡಾಡುವ ದಾರಿಗೆ ತಾವು ವಸತಿ ವಲಯವೆಂದು ಹಳದಿ ಬಳಿದಿದ್ದೀರಿ. ಆ ಹಳದಿಯ ಮೇಲೆ ಕಟ್ಟಿದ ಮನೆಯಲ್ಲಿ ನಾನು ದಿನಾ ನನ್ನ ಮಗಳನ್ನು ಮಲಗಿಸುತ್ತಿದ್ದೇನೆ. ನನಗೆ ಭಯವಾಗುತ್ತಿದೆ. ಇದಕ್ಕಿಂತ ಗೌರವದ ಪದ ಹುಡುಕಿದೆ, ಸಿಗಲಿಲ್ಲ.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕೆಳಗಿದೆ. ಊರಿನ ಪಡುವಲಿಗೆ ಒಂದು ಗೋಮಾಳವಿತ್ತು. ಹಗಲು ಅಲ್ಲಿ ದನ ಮೇಯಿಸಿ, ಹೊತ್ತು ಇಳಿಯುವ ಮೊದಲೇ ಹೊಡೆದುಕೊಂಡು ಬರುತ್ತಿದ್ದರು. ಯಾರೂ ಬೇಲಿ ಹಾಕಲಿಲ್ಲ, ಒಂದು ತೆಂಗಿನ ಸಸಿ ನೆಡಲಿಲ್ಲ. ಬದುವಿನ ಗೇಣು ಜಾಗಕ್ಕೆ ಕೋರ್ಟು ಹತ್ತುವ ಜನ ನಾವು! ಇಂಥ ಊರಲ್ಲಿ ಒತ್ತುವರಿಯಾಗದ ಗೋಮಾಳ ಕಂಡರೆ ತಮಗೆ ಅನುಮಾನವಾದರೂ ಬರಬೇಡವೇ? ತಮ್ಮ ವರದಿ ಅದನ್ನು 'ಬಳಕೆಯಲ್ಲಿಲ್ಲದ ಭೂಮಿ' ಎಂದಿತು. ಬಳಕೆಯಲ್ಲಿತ್ತು ಸ್ವಾಮಿ, ಬಳಸುವವರು ಅರ್ಜಿ ಬರೆಯುವವರಲ್ಲ ಅಷ್ಟೇ. ಆಕ್ಷೇಪಣೆ ಸಭೆಗೆ ನನ್ನ ಮಾವ ನಂಜಯ್ಯನವರು ಚಾಮರಾಜನಗರದವರೆಗೆ ಬಸ್ಸಿನಲ್ಲಿ ನಿಂತೇ ಬಂದರು. "ಅದು ಆನೆ ದಾರಿ ಕಣ್ ಬುದ್ಧಿ, ಅಲ್ಲಿ ಮನೆ ಕಟ್ಟುಸ್ಬ್ಯಾಡಿ" ಎಂದರು. ದಾಖಲೆ ಇದೆಯೇ ಎಂದು ಕೇಳಲಾಯಿತು. ಆನೆ ಪಹಣಿ ಮಾಡಿಸಿಕೊಂಡಿರಲಿಲ್ಲವಾಗಿ ಮಾವ ವಾಪಸ್ಸು ಬಂದರು.

ಹಾಗಾದರೆ ಅಲ್ಲಿ ಮನೆ ಕಟ್ಟಿದ್ದೇಕೆ ಎನ್ನುತ್ತೀರಿ. ಹಳೆಯ ಬೀದಿಗೆ ಅಂಟಿಕೊಂಡೇ ನಮ್ಮದೊಂದು ತುಂಡು ಹೊಲವಿದೆ. ಸುತ್ತ ಮನೆಗಳು, ಬೀದಿದೀಪ. ಅಲ್ಲೇ ಕಟ್ಟುತ್ತೇವೆಂದು ನನ್ನ ಗಂಡ ಚಂದ್ರಕುಮಾರ್ ಅಲೆದದ್ದೇ ಅಲೆದದ್ದು. ಅದು ತಮ್ಮ ನಕ್ಷೆಯಲ್ಲಿ ಹಸಿರು, ಕೃಷಿ ವಲಯ, ಅನುಮತಿಯಿಲ್ಲ. ಹಳದಿಯಲ್ಲಾದರೆ ನಿವೇಶನವೂ ಉಂಟು, ಸಹಾಯಧನವೂ ಉಂಟು. ಒಂದೇ ಕೋಣೆಯಲ್ಲಿ ಎರಡು ಸಂಸಾರ ಮಲಗುತ್ತಿದ್ದ ನಾವು ಏನು ಮಾಡಬೇಕಿತ್ತು? ಒಪ್ಪಿದೆವು. ಹಾಲುಕ್ಕಿಸಿದ ದಿನ ನಾನು ಸಂತೋಷಕ್ಕೆ ಕಣ್ಣೀರು ಹಾಕಿದ್ದೆ.

ಕಳೆದ ವಾರ ನನ್ನ ಅತ್ತೆ ಚಿಕ್ಕಮಾದಮ್ಮ ಮೊಮ್ಮಗಳಿಗೆಂದು ಹಲಸಿನ ಹಣ್ಣು ತಂದಿದ್ದರು. ದೀಪ ಹಚ್ಚುವ ಹೊತ್ತಿಗೆ ಹಿಂದಿನ ಗೋಡೆಗೆ ಏನೋ ಉಜ್ಜಿದ ಸದ್ದಾಯಿತು. ಕಿಟಕಿ ಪೂರ್ತಿ ಮುಚ್ಚಿಹೋಯಿತು. ಸರಳುಗಳ ನಡುವೆ ಸೊಂಡಿಲ ತುದಿ ಒಳಗೆ ಬಂದು, ನಮ್ಮ ಹಾಸಿಗೆಯ ಮೇಲೆಲ್ಲ ಮೂಸಿ ನೋಡಿತು. ಮಗಳನ್ನು ಅವಚಿಕೊಂಡು ಮೂಲೆಗೆ ಸರಿದಿದ್ದ ನನ್ನ ಕೈ ಹಿಡಿದು ಅತ್ತೆ ಪಿಸುಗುಟ್ಟಿದರು: "ಉಸ್ರು ಬುಡ್ಬ್ಯಾಡ ಕಣಮ್ಮಿ. ಅದು ಅದ್ರ ದಾರೀಲಿ ಓಯ್ತಾ ಅದೆ. ನಾವೇ ಅಡ್ಡ ಕುಂತಿರಾದು." ಅದು ಹೋದ ಮೇಲೆ ನೋಡಿದರೆ ಬಚ್ಚಲ ಗೋಡೆ ಇರಲಿಲ್ಲ.

ಆ ಹಳದಿಯನ್ನು ಅಳಿಸಿ. ಬೀದಿ ಪಕ್ಕದ ನಮ್ಮ ಹೊಲದಲ್ಲಿ ಮನೆಗೆ ಅನುಮತಿ ಕೊಡಿ. ಗೋಮಾಳದಲ್ಲಿ ಮಿಕ್ಕ ನಿವೇಶನ ಹಂಚುವುದನ್ನು ಇವತ್ತೇ ನಿಲ್ಲಿಸಿ. ನಕ್ಷೆಯ ಪರಿಷ್ಕರಣೆಗೆ ಇನ್ನೂ ವರ್ಷಗಳಿವೆ ಎಂದು ತಮ್ಮ ಕಚೇರಿಯಲ್ಲಿ ಹೇಳಿದರು. ಹಲಸಿನ ಕಾಲ ಮುಗಿದಿಲ್ಲ ಸ್ವಾಮಿ, ಆ ವಾಸನೆಗೆ ಆನೆ ಮತ್ತೆ ಬಂದೇ ಬರುತ್ತದೆ, ನಾವು ಅಷ್ಟು ದಿನ ಇರುತ್ತೇವೆಯೇ? ನನ್ನ ಮಗಳಿಗೆ ಐದು ವರ್ಷ. ಈಗ ಹೊತ್ತು ಮುಳುಗಿದ ಮೇಲೆ ಕೆಮ್ಮು ಬಂದರೆ ಸದ್ದಾಗದಂತೆ ನನ್ನ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಾಳೆ. ಯಾರೂ ಹೇಳಿಕೊಟ್ಟಿಲ್ಲ.

ಇಂತಿ,
ತಮ್ಮ ವಸತಿ ವಲಯದಲ್ಲಿ ದೀಪ ಆರಿಸಿಕೊಂಡು ಕೂತಿರುವ
ಸ್ವರ್ಣಲತಾ